ಸೋನ್ಯಾಳ ಪಾಲು



ಇವತ್ತು ಒಂದೇ ಕಾದಂಬರಿ, ಅದರಲ್ಲಿ ಒಬ್ಬಳೇ ಹುಡುಗಿ. ಕಾದಂಬರಿ ಟಾಲ್‌ಸ್ಟಾಯ್ ಬರೆದ 'ಯುದ್ಧ ಮತ್ತು ಶಾಂತಿ'. 1865ರಲ್ಲಿ ಪತ್ರಿಕೆಯಲ್ಲಿ ಬರತೊಡಗಿ, 1869ರ ಹೊತ್ತಿಗೆ ಪೂರ್ತಿ ಪುಸ್ತಕವಾಯಿತು. ಅದರೊಳಗಿನ ಪಾತ್ರಗಳು 500ಕ್ಕೂ ಹೆಚ್ಚು. ನೆಪೋಲಿಯನ್ ಇದ್ದಾನೆ, ರಷ್ಯದ ತ್ಸಾರ್ ಇದ್ದಾನೆ, ಸೇನಾಪತಿಗಳು ಸಾಲುಸಾಲಾಗಿ ಇದ್ದಾರೆ. ಓದಿ ಮುಗಿಸಿದವರನ್ನು ಕೇಳಿ ನೋಡಿ. ನತಾಶಾ ನೆನಪಿರುತ್ತಾಳೆ. ಪಿಯೆರ್ ನೆನಪಿರುತ್ತಾನೆ. ಪ್ರಿನ್ಸ್ ಆಂದ್ರೇ ಅಂತೂ ಸರಿಯೇ. ಸೋನ್ಯಾ? "ಹೌದಲ್ಲ, ಅವಳೂ ಒಬ್ಬಳಿದ್ದಳು" ಅನ್ನುತ್ತಾರೆ.

ಆ ಒಬ್ಬಳ ಕತೆಯನ್ನೇ ಇವತ್ತು ಹೇಳುತ್ತೇನೆ. ಶ್ರೀಮಂತ ಮನೆತನದ ಕತೆಗಳಲ್ಲಿ ಪ್ರೇಮ ಇರುತ್ತದೆ, ಮದುವೆ ಇರುತ್ತದೆ, ಗೆಳತಿಯರ ಪಿಸುಮಾತು ಇರುತ್ತದೆ. ಅದಕ್ಕೆಲ್ಲ ಯಾರೋ ಒಬ್ಬರು ಬೆಲೆ ತೆರುತ್ತಿರುತ್ತಾರೆ. ಈ ಕಾದಂಬರಿಯಲ್ಲಿ ತೆತ್ತವಳು ಸೋನ್ಯಾ. ತೆತ್ತದ್ದಕ್ಕೆ ಅವಳಿಗೆ ರಸೀದಿಯೂ ಸಿಗಲಿಲ್ಲ ಅನ್ನುವುದು ನನ್ನ ತಕರಾರು.

ಮೊದಲು ಮನೆಯ ಪರಿಚಯ ಮಾಡಿಕೊಳ್ಳೋಣ. ಊರು ಮಾಸ್ಕೋ, ವರ್ಷ 1805. ಕೌಂಟ್ ರಸ್ತೋವನದು ದೊಡ್ಡ ಮನೆ, ದೊಡ್ಡ ಕೈ. ದಿನವೂ ಅತಿಥಿಗಳು, ದಿನವೂ ಸಾಲ. ಮಕ್ಕಳು ನಾಲ್ವರು. ದೊಡ್ಡವಳು ವೆರಾ, ಆಮೇಲೆ ಮಗ ನಿಕೊಲಾಯ್, ಆಮೇಲೆ ನತಾಶಾ, ಕೊನೆಯವನು ಪೇತ್ಯಾ. ಇವರ ಜೊತೆ ಅದೇ ಮನೆಯಲ್ಲಿ ಬೆಳೆದವಳು ಸೋನ್ಯಾ. ಸಂಬಂಧದ ಹುಡುಗಿ, ಅನಾಥೆ. ವರದಕ್ಷಿಣೆಗೆಂದು ಅವಳ ಹೆಸರಿನಲ್ಲಿ ಬಿಡಿಗಾಸಿಲ್ಲ. ಆಗ ಅವಳಿಗೆ 15 ವರ್ಷ, ನತಾಶಾಳಿಗೆ 13. ಸೋನ್ಯಾಳ ಮನಸ್ಸೆಲ್ಲ ನಿಕೊಲಾಯ್ ಮೇಲೆ. ಅವನಿಗೆ 20ರ ಹರೆಯ. ಇವಳೆಂದರೆ ಅವನಿಗೂ ಇಷ್ಟವೇ.

ಒಂದು ದಿನ ತಾಯಿ, ನತಾಶಾ ಇಬ್ಬರಿಗೂ ಹೆಸರಿನ ಹಬ್ಬ. ಇಬ್ಬರ ಹೆಸರೂ ನತಾಲ್ಯಾ. ಅಂಗಳದ ತುಂಬ ಬಂದವರ ಗಾಡಿ, ಮುಂದಿನ ಕೋಣೆಗಳ ತುಂಬ ಗೌನು, ಫ್ರೆಂಚ್ ಮಾತು. ನೀವು ಅಲ್ಲಿ ನಿಲ್ಲಬೇಡಿ. ಮನೆಯೊಳಗಿನ ಹಿಂದಿನ ಓಣಿಗೆ ಬನ್ನಿ. ಅಲ್ಲೊಂದು ಪೆಟ್ಟಿಗೆ ಇದೆ. ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ದಾದಿಯ ಪಟ್ಟೆಪಟ್ಟೆಯ ಕೊಳಕು ಹಾಸಿಗೆ. ಆ ಮನೆಯ ಹೆಣ್ಣುಮಕ್ಕಳು ಅಳಬೇಕೆನಿಸಿದಾಗ ಬರುವುದು ಅಲ್ಲಿಗೇ. ಸೋನ್ಯಾ ಅದರ ಮೇಲೆ ಬೋರಲು ಬಿದ್ದಿದ್ದಾಳೆ. ಹಬ್ಬಕ್ಕೆಂದು ಉಟ್ಟ ತೆಳುವಾದ ಗುಲಾಬಿ ಬಟ್ಟೆ ಮುದುಡಿಹೋಗಿದೆ. ನಿಕೊಲಾಯ್ ಜೂಲಿ ಎಂಬ ಸಿರಿವಂತರ ಹುಡುಗಿಯ ಜೊತೆ ನಗುತ್ತ ಮಾತಾಡಿದ. ಸಾಲದ್ದಕ್ಕೆ ವೆರಾ ಬೇರೆ ಚುಚ್ಚಿದ್ದಾಳೆ.

ನತಾಶಾ ಹುಡುಕಿಕೊಂಡು ಬರುತ್ತಾಳೆ. ಗೆಳತಿ ಅಳುವುದನ್ನು ನೋಡುತ್ತಾಳೆ. ಏನಾಯಿತೆಂದು ಕೇಳುವ ಮೊದಲೇ ಬಾಯಿ ಅಗಲಿಸಿ ತಾನೂ ಅಳತೊಡಗುತ್ತಾಳೆ. ಕಾರಣ ಗೊತ್ತಿಲ್ಲ. ಸೋನ್ಯಾ ಅಳುತ್ತಿದ್ದಾಳೆ, ಅಷ್ಟು ಸಾಕು. ಸ್ವಲ್ಪ ಹೊತ್ತಿಗೆ ಇಬ್ಬರೂ ಮುಖ ಒರೆಸಿಕೊಂಡು ಹಾಡಲು ಓಡುತ್ತಾರೆ.

ಸಾಹಿತ್ಯದಲ್ಲಿ ಗೆಳತಿಯರ ಚಿತ್ರಗಳು ಬೇಕಾದಷ್ಟಿವೆ. ಹೆಚ್ಚಿನವರು ಪತ್ರ ಒಯ್ಯುತ್ತಾರೆ, ಗುಟ್ಟು ಕಾಯುತ್ತಾರೆ, ಬುದ್ಧಿ ಹೇಳುತ್ತಾರೆ. ಈ ಹುಡುಗಿಯಂತೆ ಕಾರಣ ಕೇಳದೆ ಅತ್ತವರನ್ನು ನಾನು ಹೆಚ್ಚು ಕಂಡಿಲ್ಲ.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಒಂದು ದೊಡ್ಡ ಮನೆ, ಅದರಲ್ಲಿ ಕಾಸಿಲ್ಲದ ಒಬ್ಬ ಹುಡುಗಿ, ಅವಳಿಗೊಬ್ಬ ಪ್ರಿಯ, ಒಬ್ಬ ಗೆಳತಿ. ಈಗ ಗೆಳತಿ ಕೊಟ್ಟ ಒಂದು ಗುರುತಿನ ವಿಷಯ.

ನಿಕೊಲಾಯ್ ಸೈನ್ಯಕ್ಕೆ ಸೇರಿ, ಯುದ್ಧ ಕಂಡು, 1806ರಲ್ಲಿ ರಜೆಯ ಮೇಲೆ ಮನೆಗೆ ಬರುತ್ತಾನೆ. ನತಾಶಾ ಅಣ್ಣನನ್ನು ಪಕ್ಕಕ್ಕೆ ಕರೆದು ತೋಳು ಮೇಲೇರಿಸಿ ತೋರಿಸುತ್ತಾಳೆ. ಭುಜದ ಕೆಳಗೆ ಕೆಂಪನೆಯ ಸುಟ್ಟ ಕಲೆ. ಸೋನ್ಯಾಳ ಮೇಲಿನ ಪ್ರೀತಿಗೆ ಸಾಕ್ಷಿಯಾಗಿ ಅಳತೆಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಅಲ್ಲಿ ಒತ್ತಿಕೊಂಡಿದ್ದಾಳೆ. ಜಾಗವನ್ನು ಮಾತ್ರ ನೋಡಿಯೇ ಆರಿಸಿದ್ದಾಳೆ. ನೃತ್ಯಕೂಟದ ಉಡುಪಿನ ಚಿಕ್ಕ ತೋಳೂ ಅದನ್ನು ಮುಚ್ಚುತ್ತದೆ! ಎಂಥ ಹುಚ್ಚು, ಎಂಥ ಲೆಕ್ಕ, ಎರಡೂ ಒಟ್ಟಿಗೇ. ಹದಿಹರೆಯ ಅಂದರೆ ಅದೇ ತಾನೆ? ಈ ಕಲೆಯನ್ನು ಮರೆಯಬೇಡಿ. ಅದರ ಮಾತು ಮುಂದೆ ಇನ್ನೂ ಇದೆ.

ಅದೇ ವರ್ಷದ ಕೊನೆಯಲ್ಲಿ ಸೋನ್ಯಾಳಿಗೆ ಒಂದು ಸಂಬಂಧ ತಾನಾಗಿ ಬರುತ್ತದೆ. ಕೇಳಿದವನು ದೋಲೊಖೋವ್, ಸೈನ್ಯದ ಅಧಿಕಾರಿ, ನಿಕೊಲಾಯನ ಸ್ನೇಹಿತ. ಕಾಸಿಲ್ಲದ ಅನಾಥೆಗೆ ಇದಕ್ಕಿಂತ ಒಳ್ಳೆಯ ಗಂಡು ಎಲ್ಲಿ ಸಿಗುತ್ತಾನೆ ಎಂದು ಮನೆಯವರ ಎಣಿಕೆ. ಸೋನ್ಯಾ ಒಲ್ಲೆ ಅನ್ನುತ್ತಾಳೆ. ದೋಲೊಖೋವ್ ಸೇಡು ತೀರಿಸಿಕೊಳ್ಳುವುದು ಇಸ್ಪೀಟಿನ ಮೇಜಿನ ಮೇಲೆ. ನಿಕೊಲಾಯನನ್ನು ಆಟಕ್ಕೆ ಕೂರಿಸಿ 43 ಸಾವಿರ ರೂಬಲ್ ಗೆದ್ದುಕೊಳ್ಳುತ್ತಾನೆ. 43 ಯಾಕೆ ಅಂದರೆ ತನ್ನ ವಯಸ್ಸು, ಸೋನ್ಯಾಳ ವಯಸ್ಸು ಕೂಡಿದರೆ ಅಷ್ಟಾಗುತ್ತದೆ. ಒಬ್ಬ ಹುಡುಗಿಯ ನಿರಾಕರಣೆಗೆ ಗಂಡಸೊಬ್ಬ ಹಣದಲ್ಲಿ ಬೆಲೆ ಕಟ್ಟಿದ. ಆ ಬೆಲೆ ಕೊಟ್ಟದ್ದು ರಸ್ತೋವರ ಖಜಾನೆ. ಮೊದಲೇ ಸಾಲದಲ್ಲಿದ್ದ ಮನೆ ಇನ್ನಷ್ಟು ಕುಸಿಯಿತು. ಕುಸಿದಷ್ಟೂ ಮಗನಿಗೆ ಹಣವಂತ ಹೆಣ್ಣೇ ಬೇಕೆಂಬ ತಾಯಿಯ ಹಟ ಬಲಿಯಿತು. ಸೋನ್ಯಾ ಪ್ರೀತಿಗಾಗಿ ಒಲ್ಲೆ ಅಂದಳು, ಆ ಒಲ್ಲೆಯೇ ಅವಳ ಪ್ರೀತಿಗೆ ಅಡ್ಡ ಬಂತು.

ನಡುವೆ ಒಂದು ಸುಖದ ರಾತ್ರಿ ಇದೆ. ಅದನ್ನು ಬಿಟ್ಟರೆ ಸೋನ್ಯಾಳಿಗೆ ಅನ್ಯಾಯ ಮಾಡಿದಂತೆ. ಹಳ್ಳಿಯ ಬಂಗಲೆಯಲ್ಲಿ ಕ್ರಿಸ್‌ಮಸ್. ಮನೆಮಂದಿ ವೇಷ ಕಟ್ಟಿಕೊಂಡು, ಹಿಮದ ಮೇಲೆ ಜಾರುಗಾಡಿ ಹೂಡಿಕೊಂಡು ನೆರೆಮನೆಗೆ ಹೊರಡುತ್ತಾರೆ. ನಿಕೊಲಾಯನದು ಮುದುಕಿಯ ವೇಷ. ಸೋನ್ಯಾಳದು ಬೆಟ್ಟಸೀಮೆಯ ಗಂಡಿನ ವೇಷ, ಸುಟ್ಟ ಬೆಂಡಿನ ಮಸಿಯಲ್ಲಿ ಬರೆದ ಮೀಸೆ. ಸದಾ ಹಿಂದೆ ನಿಲ್ಲುವ ಹುಡುಗಿ ಆ ಮೀಸೆ ಬಂದ ಕೂಡಲೇ ಬೇರೆಯವಳಾಗುತ್ತಾಳೆ. ಬೆಳದಿಂಗಳಲ್ಲಿ ನಿಕೊಲಾಯ್ ಅವಳಿಗೆ ಮುತ್ತಿಡುತ್ತಾನೆ. ಸುಟ್ಟ ಬೆಂಡಿನ ವಾಸನೆ ಇಬ್ಬರ ಮುಖಕ್ಕೂ ಅಂಟುತ್ತದೆ. ಅವನು ಮದುವೆಯ ಮಾತೆತ್ತುತ್ತಾನೆ. ಬೆಳಗಾದ ಮೇಲೆ ಮನೆ ಮತ್ತೆ ಮನೆಯಾಗುತ್ತದೆ. ತಾಯಿ ಸೋನ್ಯಾಳನ್ನು ಸಂಚುಗಾರ್ತಿ ಅನ್ನುತ್ತಾಳೆ. ಅನ್ನ ಹಾಕಿದ ಕೈಯಿಂದಲೇ ಆ ಮಾತು ಬಂದರೆ ಹುಡುಗಿ ಏನು ಹೇಳಬೇಕು?

ಪ್ರೀತಿಯ ಕತೆ ಇಷ್ಟಕ್ಕೆ ನಿಂತಿದೆ ಅಂದುಕೊಳ್ಳಿ. ಈಗ ಗೆಳೆತನದ ಪರೀಕ್ಷೆ.

ನತಾಶಾಳಿಗೆ ಪ್ರಿನ್ಸ್ ಆಂದ್ರೇಯ ಜೊತೆ ನಿಶ್ಚಯವಾಗಿದೆ. ಅವನು ಹೊರದೇಶದಲ್ಲಿದ್ದಾನೆ. ಈ ಹೊತ್ತಿನಲ್ಲಿ ಅನಾತೋಲ್ ಎಂಬ ಸುಂದರಾಂಗ ನುಗ್ಗುತ್ತಾನೆ. ಅವನಿಗೆ ಆಗಲೇ ಗುಟ್ಟಾಗಿ ಮದುವೆಯಾಗಿದೆ. ಅದು ನತಾಶಾಳಿಗೆ ತಿಳಿಯದು. ಅವನ ಜೊತೆ ಓಡಿಹೋಗಲು ಸಿದ್ಧಳಾಗುತ್ತಾಳೆ. ಅವನ ಪತ್ರ ಸೋನ್ಯಾಳ ಕೈಗೆ ಸಿಗುತ್ತದೆ. ಅವಳು ಬೇಡಿಕೊಳ್ಳುತ್ತಾಳೆ, ಅಳುತ್ತಾಳೆ. ನತಾಶಾ ಉರಿದುಬೀಳುತ್ತಾಳೆ. ನೀನು ನನ್ನ ಶತ್ರು ಎಂದುಬಿಡುತ್ತಾಳೆ.

ಸೋನ್ಯಾ ಆಗ ಏನು ಮಾಡುತ್ತಾಳೆ? ಈ ಮನೆಯ ಋಣ ತೀರಿಸುವ ಹೊತ್ತು ಇದೇ ಅಂದುಕೊಳ್ಳುತ್ತಾಳೆ. ರಾತ್ರಿಯೆಲ್ಲ ನಿದ್ದೆಗೆಟ್ಟರೂ ಸರಿ, ಓಣಿಯಲ್ಲಿ ಕಾವಲು ನಿಲ್ಲುತ್ತೇನೆ, ಬಲವಂತವಾಗಿಯಾದರೂ ತಡೆಯುತ್ತೇನೆ ಎಂದು ಗಟ್ಟಿ ಮಾಡುತ್ತಾಳೆ. ಓಣಿಯಲ್ಲಿ ಅಳುತ್ತಿದ್ದ ಅವಳನ್ನು ಅವರು ಆಗ ಇಳಿದುಕೊಂಡಿದ್ದ ಮನೆಯ ಯಜಮಾನಿ ಮಾರ್ಯಾ ದ್ಮಿತ್ರಿಯೇವ್ನಾ ನೋಡುತ್ತಾಳೆ, ಬಾಯಿ ಬಿಡಿಸುತ್ತಾಳೆ. ಓಡಿಹೋಗುವ ಹಂಚಿಕೆ ಮುರಿಯುತ್ತದೆ. ಸತ್ಯ ತಿಳಿದ ನತಾಶಾ ವಿಷ ತೆಗೆದುಕೊಳ್ಳುತ್ತಾಳೆ, ಸ್ವಲ್ಪ ನುಂಗಿದ ಮೇಲೆ ಭಯವಾಗಿ ಎಬ್ಬಿಸುವುದು ಯಾರನ್ನು? ಸೋನ್ಯಾಳನ್ನೇ. ಶತ್ರು ಎಂದು ಅನ್ನಿಸಿಕೊಂಡವಳನ್ನೇ.

ಇಲ್ಲಿ ನನಗೆ ಟಾಲ್‌ಸ್ಟಾಯ್ ಮೇಲೆ ಸಣ್ಣ ಮುನಿಸಿದೆ. ಈ ಅಧ್ಯಾಯಗಳಲ್ಲಿ ಅವನ ಕಣ್ಣು ನತಾಶಾಳ ಜ್ವರದ ಮೇಲೆ ನೆಟ್ಟಿದೆ. ಅದು ಸಹಜವೇ. ಆದರೆ ಅಷ್ಟು ದೊಡ್ಡ ಅನಾಹುತ ತಪ್ಪಿಸಿದ ಹುಡುಗಿಯ ಕಡೆಗೆ ಅವನು ಒಂದು ಮೆಚ್ಚುಗೆಯ ನೋಟ ಹಾಯಿಸಿ ಮುಂದೆ ಹೋಗಿಬಿಡುತ್ತಾನೆ.

ಕೇಳುಗರೇ, ಸೋನ್ಯಾ ಗೆಳತಿಯನ್ನು ಉಳಿಸಿದಳು, ಅಲ್ಲಿಗೆ ಬಂದೆವು. ಈಗ ಅವಳು ತನ್ನ ಪ್ರಿಯನನ್ನು ಹೇಗೆ ಕಳೆದುಕೊಂಡಳು ಅನ್ನುವುದು. ಇದಕ್ಕೆ ಒಂದು ಕಟ್ಟಳೆ ಗೊತ್ತಿರಬೇಕು.

ನಮ್ಮ ಕಡೆ ಕೊಟ್ಟು ತರುವ ಸಂಬಂಧ ಹೊಸತಲ್ಲ. ಒಂದು ಮನೆಯ ಅಣ್ಣ ತಂಗಿ, ಇನ್ನೊಂದು ಮನೆಯ ತಂಗಿ ಅಣ್ಣನನ್ನು ಮದುವೆಯಾಗುತ್ತಾರೆ. ಎರಡು ಮದುವೆ ಒಂದೇ ಚಪ್ಪರದಲ್ಲಿ ಮುಗಿದದ್ದೂ ಉಂಟು. ಅಂದಿನ ರಷ್ಯದ ಚರ್ಚ್ ಅದಕ್ಕೆ ಒಪ್ಪುತ್ತಿರಲಿಲ್ಲ. ಒಂದು ಮದುವೆಯಾದರೆ ಎರಡು ಮನೆಯವರೂ ಬಂಧುಗಳಾದರು, ಆಮೇಲೆ ಅವರೊಳಗೆ ಇನ್ನೊಂದು ಮದುವೆ ಕೂಡದು. ಇದನ್ನು ನೆನಪಿಟ್ಟುಕೊಂಡು ಮುಂದೆ ಕೇಳಿ.

1812. ನೆಪೋಲಿಯನ್ ಮಾಸ್ಕೋ ಹತ್ತಿರ ಬಂದಿದ್ದಾನೆ. ಊರು ಖಾಲಿಯಾಗುತ್ತಿದೆ. ರಸ್ತೋವರು ಸಾಮಾನು ಇಳಿಸಿ, ಗಾಯಾಳುಗಳಿಗೆ ಗಾಡಿ ಬಿಟ್ಟುಕೊಟ್ಟು ಹೊರಡುತ್ತಾರೆ. ಆ ಗಾಯಾಳುಗಳಲ್ಲಿ ಒಬ್ಬ ಪ್ರಿನ್ಸ್ ಆಂದ್ರೇ. ನತಾಶಾಳಿಗೆ ತಿಳಿಸಬಾರದೆಂದು ತಾಯಿಯ ಅಪ್ಪಣೆ. ತಿಳಿಸಿದವಳು ಸೋನ್ಯಾ. ಮುರಿದ ನಿಶ್ಚಯದ ಇಬ್ಬರೂ ಮತ್ತೆ ಹತ್ತಿರವಾಗುತ್ತಾರೆ.

ಇತ್ತ ನಿಕೊಲಾಯ್ ಇನ್ನೊಬ್ಬಳನ್ನು ಕಂಡಿದ್ದಾನೆ. ಪ್ರಿನ್ಸೆಸ್ ಮಾರ್ಯಾ, ಪ್ರಿನ್ಸ್ ಆಂದ್ರೇಯ ತಂಗಿ. ನೋಡಲು ಚೆಲುವೆಯಲ್ಲ, ಹೆಜ್ಜೆ ಭಾರ, ಕಣ್ಣು ಮಾತ್ರ ಬೆಳಕು. ದೊಡ್ಡ ಆಸ್ತಿಯ ಒಡತಿ. ರಸ್ತೋವರ ತಾಯಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಸೋನ್ಯಾಳ ಮುಂದೆ ಕಣ್ಣೀರಿಟ್ಟು ಕೇಳುತ್ತಾಳೆ, ನನ್ನ ಮಗನನ್ನು ಬಿಟ್ಟುಕೊಡು ಎಂದು.

ಸೋನ್ಯಾ ಲೆಕ್ಕ ಹಾಕುತ್ತಾಳೆ. ಹೌದು, ಅವಳೂ ಲೆಕ್ಕ ಹಾಕುತ್ತಾಳೆ. ನನಗೆ ಅವಳು ತೀರ ಪ್ರಿಯಳಾಗುವುದು ಇಲ್ಲಿಯೇ. ಆಂದ್ರೇ ಬದುಕಿದರೆ ನತಾಶಾಳನ್ನು ಮದುವೆಯಾಗುತ್ತಾನೆ. ಆಗ ನಿಕೊಲಾಯ್ ಆಂದ್ರೇಯ ತಂಗಿಯನ್ನು ಮದುವೆಯಾಗುವಂತಿಲ್ಲ. ಹಾಗಾದರೆ ಬಿಟ್ಟುಕೊಟ್ಟೆ ಎಂದು ಪತ್ರ ಬರೆಯಲು ಅಡ್ಡಿಯೇನು? ತ್ಯಾಗವೂ ಆಯಿತು, ನಷ್ಟವೂ ಇಲ್ಲ. ದಾರಿಯಲ್ಲಿ ತ್ರೋಯಿತ್ಸಾ ಮಠದಲ್ಲಿ ತಂಗಿದ್ದಾಗ ಪತ್ರ ಬರೆಯುತ್ತಾಳೆ. ಕಣ್ಣೀರು ನಿಜವಾದದ್ದೇ. ಆಸೆಯೂ ನಿಜವಾದದ್ದೇ.

ಪತ್ರ ನಿಕೊಲಾಯನ ಕೈ ಸೇರುತ್ತದೆ. ಅವನು ಆಗತಾನೆ ಈ ಬಂಧನದಿಂದ ಬಿಡಿಸು ಎಂದು ದೇವರನ್ನು ಬೇಡಿಕೊಂಡಿದ್ದ. ಅಲ್ಲಿ ಯಾರೋಸ್ಲಾವ್ಲ್‌ನಲ್ಲಿ ಆಂದ್ರೇ ತೀರಿಕೊಳ್ಳುತ್ತಾನೆ. ಕಟ್ಟಳೆ ಅಡ್ಡ ಬರಲೇ ಇಲ್ಲ. ಬರೆದ ಪತ್ರ ಹಿಂದಕ್ಕೆ ಬರಲಿಲ್ಲ.

ಇನ್ನು ಗೆಳತಿ. ಪ್ರಿಯನನ್ನು ಕಳೆದುಕೊಂಡವಳಿಗೆ ಗೆಳತಿಯಾದರೂ ಉಳಿದಳೇ?

ನತಾಶಾ ಮತ್ತು ಪ್ರಿನ್ಸೆಸ್ ಮಾರ್ಯಾ ಮೊದಲು ಭೇಟಿಯಾದಾಗ ಒಬ್ಬರ ಮುಖ ಇನ್ನೊಬ್ಬರಿಗೆ ಸೇರಿರಲಿಲ್ಲ. ಈಗ ಸಾಯುತ್ತಿರುವ ಒಬ್ಬನ ಹಾಸಿಗೆಯ ಆಚೆಗೊಬ್ಬಳು, ಈಚೆಗೊಬ್ಬಳು. ಅವನು ಹೋದ ಮೇಲೆ ಅವರಿಬ್ಬರೇ ಉಳಿದರು. ಆ ದುಃಖ ಬೇರೆ ಯಾರಿಗೂ ಅರ್ಥವಾಗುವಂತಿರಲಿಲ್ಲ. ಸ್ವಲ್ಪದರಲ್ಲೇ ಪೇತ್ಯಾ ಯುದ್ಧದಲ್ಲಿ ಸತ್ತ ಸುದ್ದಿ. ತಾಯಿಯನ್ನು ನೋಡಿಕೊಂಡು ಸೋತುಹೋದ ನತಾಶಾಳನ್ನು ಮಾರ್ಯಾ ತನ್ನ ಕೋಣೆಗೆ ಕರೆದೊಯ್ಯುತ್ತಾಳೆ. ಅಲ್ಲಿಂದ ಅವರ ನಡುವೆ ಹೆಣ್ಣು ಹೆಣ್ಣಿನ ನಡುವೆಯಷ್ಟೇ ಸಾಧ್ಯವಾದ ಒಂದು ತೀವ್ರ ಅಕ್ಕರೆ ಹುಟ್ಟಿತು ಎಂದು ಟಾಲ್‌ಸ್ಟಾಯ್ ಬರೆಯುತ್ತಾನೆ. ಮುದ್ದಿಡುತ್ತಾರೆ, ಕೈ ಹಿಡಿದು ಕೂರುತ್ತಾರೆ, ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳಿಗೆ ಚಡಪಡಿಕೆ. ತನ್ನ ಜೊತೆ ತಾನಿರುವುದಕ್ಕಿಂತ ಅವಳ ಜೊತೆ ಇರುವುದು ಹಗುರ ಅನ್ನಿಸುತ್ತದೆ ಇಬ್ಬರಿಗೂ. ಕಾದಂಬರಿಯಲ್ಲಿ ಗಂಡು ಹೆಣ್ಣಿನ ಪ್ರೇಮದ ಪುಟಗಳು ಎಷ್ಟೋ ಇವೆ. ಈ ಎರಡು ಮೂರು ಪುಟಗಳ ಮುಂದೆ ಅವು ನನಗೆ ಮಂಕಾಗಿ ಕಾಣುತ್ತವೆ.

ಇದು ಸುಳ್ಳು ಗೆಳೆತನವಲ್ಲ. ಸುಳ್ಳಿನ ಮಾದರಿಯೂ ಕಾದಂಬರಿಯಲ್ಲಿದೆ. ಇದೇ ಮಾರ್ಯಾ ಹಿಂದೆ ಜೂಲಿಗೆ ವರ್ಷಗಟ್ಟಲೆ ಉದ್ದುದ್ದ ಪತ್ರ ಬರೆಯುತ್ತಿದ್ದಳು. ಎದುರೆದುರು ಕೂತಾಗ ಇಬ್ಬರಿಗೂ ಮಾತಿಲ್ಲ. ನತಾಶಾಳ ಜೊತೆ ಹಾಗಲ್ಲ. ಹೀಗಾಗಿಯೇ ನೋಡಿ, ಯಾರನ್ನು ಬೈಯಬೇಕೆಂದು ತಿಳಿಯುವುದಿಲ್ಲ. ಯಾರೂ ಮೋಸ ಮಾಡಿಲ್ಲ. ಆದರೂ ಸೋನ್ಯಾಳ ಪ್ರಿಯ ಯಾರ ಕಡೆ ಹೋದನೋ, ಅವಳ ಗೆಳತಿಯೂ ಆ ಕಡೆಗೇ ಹೋದಳು.

ಮುಂದಿನದನ್ನು ಬೇಗ ಹೇಳುತ್ತೇನೆ. 1813ರಲ್ಲಿ ನತಾಶಾ ಪಿಯೆರನನ್ನು ಮದುವೆಯಾದಳು. ಹಿರಿಯ ಕೌಂಟ್ ಸಾಲ ಬಿಟ್ಟು ಸತ್ತ. 1814ರಲ್ಲಿ ನಿಕೊಲಾಯ್ ಮಾರ್ಯಾಳ ಕೈ ಹಿಡಿದ. ತಾಯಿಯನ್ನೂ ಸೋನ್ಯಾಳನ್ನೂ ಕರೆದುಕೊಂಡು ಹೆಂಡತಿಯ ಬಂಗಲೆಗೆ ಹೋದ. ಪ್ರಿಯನ ಮನೆಯಲ್ಲಿ, ಪ್ರಿಯನ ಹೆಂಡತಿಯ ಅನ್ನದಲ್ಲಿ ಸೋನ್ಯಾ.

ಕಾದಂಬರಿಯ ಉಪಸಂಹಾರದಲ್ಲಿ ಮಾರ್ಯಾ ಒಂದು ದಿನ ನತಾಶಾಳ ಮುಂದೆ ಮನಸ್ಸು ಬಿಚ್ಚುತ್ತಾಳೆ. ಸೋನ್ಯಾಳಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ, ಆದರೂ ಅವಳನ್ನು ಕಂಡರೆ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಾಳೆ. ಭಕ್ತಿವಂತೆ ಮಾರ್ಯಾ, ಅದು ಅವಳನ್ನು ಚುಚ್ಚುತ್ತಿದೆ. ನತಾಶಾ ಸಮಾಧಾನ ಹೇಳಲು ಬೈಬಲ್ಲಿನ ಮಾತನ್ನು ತೆಗೆಯುತ್ತಾಳೆ. ಉಳ್ಳವರಿಗೆ ಇನ್ನೂ ಸಿಗುತ್ತದೆ, ಇಲ್ಲದವರಿಂದ ಇರುವುದೂ ಹೋಗುತ್ತದೆ ಎಂಬರ್ಥದ ಮಾತು. ಸೋನ್ಯಾ ಇಲ್ಲದವಳು. ಕಾಯಿ ಕಚ್ಚದ ಹೂವು. ನಮಗೆ ಆಗುವಷ್ಟು ನೋವು ಅವಳಿಗೆ ಆಗುವುದಿಲ್ಲವೇನೋ ಎಂದೂ ಸೇರಿಸುತ್ತಾಳೆ.

ಪೆಟ್ಟಿಗೆಯ ಬಳಿ ಕಾರಣ ಕೇಳದೆ ಅತ್ತ ಹುಡುಗಿಯ ಬಾಯಲ್ಲಿ ಈ ಮಾತು!

ಕತೆ ಹೇಳುವ ಟಾಲ್‌ಸ್ಟಾಯ್ ಕೂಡ ಅದಕ್ಕೆ ತಲೆಯಾಡಿಸುತ್ತಾನೆ. ಅವಳು ಬೆಕ್ಕಿನಂತೆ, ಮನುಷ್ಯರಿಗಿಂತ ಮನೆಗೆ ಅಂಟಿಕೊಂಡಿದ್ದಾಳೆ ಅನ್ನುತ್ತಾನೆ. ನಿಕೊಲಾಯನ ತಾಯಿಯ ಸೇವೆ ಮಾಡುತ್ತಾಳೆ, ಮಕ್ಕಳನ್ನು ಮುದ್ದು ಮಾಡುತ್ತಾಳೆ, ದಣಿದ ಮುಖದಲ್ಲಿ ಸಮೋವಾರಿನ ಮುಂದೆ ಕೂತು ಎಲ್ಲರಿಗೂ ಚಹಾ ಕೊಡುತ್ತಾಳೆ. ಆದರೆ ಇದಕ್ಕೆಲ್ಲ ಸಿಗುತ್ತಿದ್ದ ಕೃತಜ್ಞತೆ ಸಾಲದಾಗಿತ್ತು ಎಂದು ಅವನೇ ಬರೆದುಬಿಡುತ್ತಾನೆ. ದೊಡ್ಡ ಲೇಖಕನ ಲೇಖನಿ ಅವನ ತೀರ್ಪಿಗಿಂತ ಪ್ರಾಮಾಣಿಕವಾಗಿರುತ್ತದೆ.

ಇಷ್ಟು ಕಾದಂಬರಿಯ ಮಾತಾಯಿತು. ಕೊನೆಗೆ ಕಾದಂಬರಿಯ ಹೊರಗಿನ ಒಬ್ಬ ಹೆಂಗಸಿನ ವಿಷಯ. ಇಲ್ಲಿ ಆ ಸುಟ್ಟ ಕಲೆ ಮತ್ತೆ ಬರುತ್ತದೆ.

ಟಾಲ್‌ಸ್ಟಾಯ್ ಹುಟ್ಟಿದ್ದು 1828ರಲ್ಲಿ. ಎರಡು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಅವನನ್ನು ಬೆಳೆಸಿದವಳು ತತ್ಯಾನಾ ಯೆರ್ಗೊಲ್‌ಸ್ಕಾಯಾ. ದೂರದ ಸಂಬಂಧಿ, ಅವನ ಬಾಯಲ್ಲಿ ಅತ್ತೆ. ಅವಳೂ ಅನಾಥೆ. ತಂದೆ ತಾಯಿ ಸತ್ತಾಗ ಅಕ್ಕತಂಗಿಯರಿಬ್ಬರನ್ನು ಯಾರು ಸಾಕಬೇಕೆಂದು ಬಂಧುಗಳು ದೇವರ ಪಟದ ಮುಂದೆ ಚೀಟಿ ಎತ್ತಿದರು. ಕಪ್ಪಗಿನ ಹುಡುಗಿ ತತ್ಯಾನಾ ಟಾಲ್‌ಸ್ಟಾಯ್ ಅಜ್ಜಿಯ ಪಾಲಿಗೆ ಬಂದಳು. ಆ ಮನೆಯ ಮಗ ನಿಕೊಲಾಯನ ಮೇಲೆ ಅವಳಿಗೆ ಪ್ರೀತಿ. ಮನೆ ಸಾಲದಲ್ಲಿ ಮುಳುಗಿತ್ತು. ಅವಳು ಸರಿದು ನಿಂತಳು. 1822ರಲ್ಲಿ ನಿಕೊಲಾಯ್ ಸಿರಿವಂತೆ ಪ್ರಿನ್ಸೆಸ್ ಮಾರ್ಯಾ ವೊಲ್ಕೊನ್‌ಸ್ಕಾಯಾಳನ್ನು ಮದುವೆಯಾದ. ಹೆಸರುಗಳನ್ನು ಕೇಳಿದಿರಲ್ಲ? ನಿಕೊಲಾಯ್, ಮಾರ್ಯಾ. ಕಾದಂಬರಿಕಾರ ಅಪ್ಪ ಅಮ್ಮನ ಹೆಸರನ್ನೂ ಬದಲಿಸಿಲ್ಲ.

ಮಾರ್ಯಾ 1830ರಲ್ಲಿ ತೀರಿಕೊಂಡಳು. 1836ರಲ್ಲಿ ನಿಕೊಲಾಯ್ ತತ್ಯಾನಾಳನ್ನು ಕೇಳಿದ, ನನ್ನನ್ನು ಮದುವೆಯಾಗು, ಮಕ್ಕಳಿಗೆ ತಾಯಿಯಾಗು. ಅವಳು ಮೊದಲನೆಯದಕ್ಕೆ ಒಲ್ಲೆ ಅಂದಳು, ಎರಡನೆಯದನ್ನು ಸಾಯುವತನಕ ನಡೆಸಿದಳು. ಆ ದಿನದ ವಿಷಯ ಬರೆದ ಚೀಟಿಯನ್ನು ಒಂದು ಮಣಿಯ ಚೀಲದಲ್ಲಿ ಇಟ್ಟುಕೊಂಡಿದ್ದಳು.

ಈಗ ಕಲೆ. ಟಾಲ್‌ಸ್ಟಾಯ್ ತನ್ನ ನೆನಪುಗಳಲ್ಲಿ ಹೇಳುತ್ತಾನೆ. ತತ್ಯಾನಾ ಹುಡುಗಿಯಾಗಿದ್ದಾಗ ಮಕ್ಕಳೆಲ್ಲ ರೋಮಿನ ಒಬ್ಬ ವೀರನ ಕತೆ ಓದಿದರಂತೆ, ಬೆಂಕಿಯಲ್ಲಿ ಕೈ ಇಟ್ಟವನ ಕತೆ. ನಾನೂ ಮಾಡಬಲ್ಲೆ ಅಂದಳು ಇವಳು. ಒಬ್ಬ ಹುಡುಗ ಮೇಣದ ಬತ್ತಿಯಲ್ಲಿ ಅಳತೆಪಟ್ಟಿ ಕಾಯಿಸಿದ. ಹೊಗೆಯಾಡುವ ಪಟ್ಟಿಯನ್ನು ಅವಳ ತೋಳಿಗೆ ಒತ್ತಿದ. ಅವಳು ಹುಬ್ಬು ಗಂಟಿಕ್ಕಿದಳು, ಕೈ ಹಿಂದೆಗೆಯಲಿಲ್ಲ. ಕಲೆ ಉಳಿಯಿತು.

ಅಂದರೆ ಆ ಸುಟ್ಟ ಗುರುತು ನಿಜವಾದ ಸೋನ್ಯಾಳದು. ಕಾದಂಬರಿಯಲ್ಲಿ ಅದು ನತಾಶಾಳ ತೋಳಿಗೆ ಹೋಗಿದೆ. ಇಲ್ಲದವರಿಂದ ಇರುವುದೂ ಹೋಗುತ್ತದೆ ಎಂದು ನತಾಶಾ ಹೇಳಿದ್ದು ಸುಳ್ಳಲ್ಲ, ಕಸಿದವನು ಲೇಖಕನೇ. ಆ ಪುಟಗಳನ್ನು ಬರೆಯುವಾಗ ಮುದಿ ಅತ್ತೆ ಯಾಸ್ನಾಯಾ ಪೊಲ್ಯಾನಾದ ಅವನ ಮನೆಯಲ್ಲೇ ಇದ್ದಳು. 1874ರಲ್ಲಿ ತೀರಿಕೊಂಡಳು. ಅದಕ್ಕೆ ಮೊದಲು ತನ್ನನ್ನು ಆ ಒಳ್ಳೆಯ ಕೋಣೆಯಿಂದ ಬೇರೆ ಕೋಣೆಗೆ ಸಾಗಿಸಿ ಎಂದು ಕೇಳಿಕೊಂಡಳು. ಇಲ್ಲೇ ಸತ್ತರೆ ಆಮೇಲೆ ನಿಮಗೆ ಈ ಕೋಣೆ ಬಳಸಲು ಮನಸ್ಸಾಗದು ಅನ್ನುವುದು ಅವಳ ಚಿಂತೆ. ಇದನ್ನೂ ನಮಗೆ ಹೇಳಿದವನು ಟಾಲ್‌ಸ್ಟಾಯ್. ಆ ಹೊತ್ತಿಗೆ ಅವನೂ ಮುದುಕನಾಗಿದ್ದ. ಪ್ರೀತಿಸುವುದರ ಸುಖವನ್ನು ತನಗೆ ಕಲಿಸಿದವಳು ಅತ್ತೆಯೇ ಎಂದು ಅಲ್ಲಿ ತುಂಬು ಮನಸ್ಸಿನಿಂದ ಬರೆದ. ಕಾದಂಬರಿಯಲ್ಲಿ ಕೊಡದೆ ಹೋದ ಕೃತಜ್ಞತೆ ಅಲ್ಲಿದೆ.

ಕಾದಂಬರಿ ಕನ್ನಡದಲ್ಲಿದೆ. ಹಿಂದೆ ದೇ. ಜವರೇಗೌಡರು ತಂದರು, ಈಚೆಗೆ ಓ.ಎಲ್. ನಾಗಭೂಷಣ ಸ್ವಾಮಿಯವರೂ ತಂದಿದ್ದಾರೆ. ಗಾತ್ರ ನೋಡಿ ಹೆದರುವವರು ಮೊದಲ ಸಲಕ್ಕೆ ಯುದ್ಧದ ಅಧ್ಯಾಯಗಳನ್ನು ದಾಟಿಕೊಂಡು ಹೋಗಬಹುದು, ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ. ಉಪಸಂಹಾರವನ್ನು ಮಾತ್ರ ಬಿಡಬೇಡಿ. ಅಲ್ಲಿ ನತಾಶಾ ಮತ್ತು ಮಾರ್ಯಾ ಮಾತಾಡುವಾಗ ಸೋನ್ಯಾ ಮನೆಯ ಯಾವ ಕೋಣೆಯಲ್ಲಿದ್ದಾಳೆ, ಯಾರ ಕೆಲಸ ಮಾಡುತ್ತಿದ್ದಾಳೆ ಎಂದು ಗಮನಿಸುತ್ತ ಓದಿ.